ಗುಬ್ಬಿ ಹೇಳಿ ಬರೆಸಿದ್ದು

ಸೆಪ್ಟೆಂಬರ್ ೩

ಗುಬ್ಬಿ,

ಬದುಕಿದ್ದೀಯೋ ಇಲ್ಲವೋ? ಆಗಸ್ಟಿನಲ್ಲಿ ಎರಡು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಅಕ್ಕ ಸಮುದ್ರದ ಮೂಲೆಯಲ್ಲಿ ಹಕ್ಕಿ ಎಣಿಸುತ್ತಾ ಕೂತಿದ್ದಾಳೆ, ಎಲ್ಲಿ ಓಡಿಹೋಗುತ್ತಾಳೆ, ಪುರುಸೊತ್ತಾದಾಗ ಬರೆದರಾಯಿತು ಎಂದುಕೊಂಡಿದ್ದೀಯ, ಅಲ್ಲವೇ?

ಇಲ್ಲಿ ವಲಸೆಯ ಋತು ಶುರುವಾಯಿತು. ಮೊನ್ನೆಯಿಂದ ಗಾಳಿ ಉತ್ತರದ ಕಡೆಯಿಂದ ಬೀಸತೊಡಗಿತು. ಬೆಳಿಗ್ಗೆ ದೀಪಸ್ತಂಭದ ಕಂಬಿಯ ಮೇಲೆಲ್ಲ ಅಂಬರಗುಬ್ಬಿಗಳು ಸಾಲಾಗಿ ಕೂತು ಗಲಾಟೆ ಮಾಡುತ್ತಿದ್ದವು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಒಂದೂ ಇಲ್ಲ. ಅವು ಹೋದ ಮೇಲಿನ ಆ ಮೌನ ನನಗೆ ಇನ್ನೂ ಒಗ್ಗಿಲ್ಲ. ಬಾಲ ಕುಣಿಸುವ ಸಿಪಿಲೆಗಳು ಹೊರಟಿವೆ. ಬಾತುಗಳು ನೀರಿಗೆ ತಾಗುವಷ್ಟು ತಗ್ಗಿನಲ್ಲಿ ದಕ್ಷಿಣಕ್ಕೆ ಹಾರುತ್ತಿವೆ. ನಾನು ಕಳಿಸಿದ್ದೇನೆ, ನಿನ್ನ ಜಲಾಶಯಕ್ಕೆ ಬಂದಿಳಿದ ಕೂಡಲೇ ತಿಳಿಸು. ನಾನು ಬೀಳ್ಕೊಟ್ಟಿದ್ದು, ನೀನು ಬರಮಾಡಿಕೊಂಡಿದ್ದು ಎರಡೂ ಸೇರಿ ಹಕ್ಕಿ ಸಂಘದ ಶರತ್ಕಾಲದ ವರದಿಯಲ್ಲಿ ಒಂದು ಪುಟ. ಇಷ್ಟು ವರ್ಷದಲ್ಲಿ ಆ ಪುಟ ಒಮ್ಮೆಯೂ ಖಾಲಿ ಹೋಗಿಲ್ಲ. ಪಂಪು ನೋಡಿಕೊಳ್ಳುವ ಕೆಲಸ ಬಿಟ್ಟು ಅರ್ಧ ಗಂಟೆ ಏರಿಯ ಮೇಲೆ ನಿಂತರೆ ಊರಿನವರೇನೂ ನೀರಿಲ್ಲದೆ ಸಾಯುವುದಿಲ್ಲ.

ಈ ನಡುಗಡ್ಡೆಗೆ ಫೋನಿಲ್ಲ, ಟಪಾಲಿನ ದೋಣಿ ವಾರಕ್ಕೊಮ್ಮೆ ಎಂಬುದು ನಿನಗೆ ಗೊತ್ತು. ಸತಾಯಿಸಬೇಡ.

ನಿನ್ನ ಹೆಂಡತಿಯನ್ನು ಕೇಳಿದೆ ಎಂದು ಹೇಳು.

ಅಕ್ಕ


ಸೆಪ್ಟೆಂಬರ್ ೧೭

ಅತ್ತಿಗೆಯವರಿಗೆ ನಮಸ್ಕಾರ.

ಕೈಬರಹ ನೋಡಿ ಗಾಬರಿಯಾಗಬೇಡಿ. ನಿಮ್ಮ ತಮ್ಮ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಬಿದ್ದು ಬಲಗೈಗೆ ಪೆಟ್ಟು ಮಾಡಿಕೊಂಡಿದ್ದಾರೆ. ಪೆನ್ನು ಹಿಡಿಯಲು ಆಗುವುದಿಲ್ಲ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಹೊಲಿಗೆಯಂಗಡಿಯಲ್ಲಿ ಅಳತೆ ಬರೆದೇ ಅಭ್ಯಾಸವಾದ ಕೈ ಇದು, ಅಕ್ಷರ ದಪ್ಪವಾದರೆ ಬೇಸರಿಸಬೇಡಿ.

ಬಾತುಗಳು ಬಂದಿವೆಯಂತೆ. ಸೂಜಿಬಾಲದ ಬಾತುಗಳು ಏರಿಯ ಆಚೆ ಬದಿಯಲ್ಲಿ ಇಳಿದಿವೆ, ಗಂಡುಗಳು ಬಹಳ ಚೆನ್ನಾಗಿವೆ. ಕಾಫಿಪುಡಿ ಬಣ್ಣದ ತಲೆ, ಕತ್ತಿನ ಮೇಲೆ ಕಿವಿಯವರೆಗೆ ಏರಿದ ಬಿಳಿ ಪಟ್ಟಿ, ಬೆನ್ನಿನ ಮೇಲೆ ಸಣ್ಣ ಸಣ್ಣ ಬೂದು ಗೀರು. ಅಂಬರಗುಬ್ಬಿಗಳು ಕೂಡ ಬಂದವು. ಎಷ್ಟು ಎಂದು ಮುಂದಿನ ಕಾಗದದಲ್ಲಿ ತಿಳಿಸುತ್ತಾರಂತೆ.

ನಿಮ್ಮ ಕಾಗದವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಹೀಗೆ ಬರಿ ಎಂದರು: "ಗಾಳಿಗೆ ಉಣ್ಣೆ ಅಂಗಿ ಇಲ್ದೆ ನಿಂತ್ಕೋಬೇಡ ಅಂತ ಅಕ್ಕಂಗೆ ಹೇಳು. ಯಾಕೋ ಅವಳನ್ನ ಒಂದ್ಸಲ ನೋಡ್ಬೇಕು ಅನ್ಸುತ್ತೆ."

ಊಟ ನಿದ್ದೆ ಎಲ್ಲ ಸರಿಯಾಗಿದೆ. ಚಿಂತೆ ಮಾಡಬೇಡಿ.

ನಿಮ್ಮ ತಮ್ಮನ ಹೆಂಡತಿ


ಅಕ್ಟೋಬರ್ ೨

ಗುಬ್ಬಿ,

ಕೈ ಹೇಗಿದೆ? ಚಿಕ್ಕಂದಿನಿಂದಲೂ ನಿನಗೆ ಮೆಟ್ಟಿಲು ನೋಡಿ ಇಳಿಯುವ ಬುದ್ಧಿಯೇ ಇಲ್ಲ, ಕಣ್ಣು ಯಾವಾಗಲೂ ಮೇಲೆ. ಮೂಳೆಗೆ ಏಟಾಗಿದ್ದರೆ ಮುಚ್ಚಿಡಬೇಡ.

ಮೊದಲು ಜಗಳ ಮುಗಿಸಿಬಿಡುತ್ತೇನೆ. ಸೆಪ್ಟೆಂಬರಿನಲ್ಲಿ ಗಂಡು ಬಾತಿಗೆ ಕಾಫಿಪುಡಿ ತಲೆಯೇ? ಬಿಳಿ ಪಟ್ಟಿಯೇ? ಅಯ್ಯೋ ದೇವರೇ! ಬೇಸಿಗೆ ಮುಗಿಯುವಷ್ಟರಲ್ಲಿ ಅವು ಬಣ್ಣದ ಗರಿಯನ್ನೆಲ್ಲ ಉದುರಿಸಿಕೊಂಡು ಹೆಣ್ಣಿನ ಹಾಗೇ ಕಂದು ಬಣ್ಣದಲ್ಲಿ ಬರುತ್ತವೆ, ಮತ್ತೆ ಬಣ್ಣ ಏರುವುದು ಚಳಿ ಕಚ್ಚಿದ ಮೇಲೆ. ಇದನ್ನು ನನಗೆ ಹೇಳಿಕೊಟ್ಟವನೇ ನೀನು. ನೀನು ಬರೆಸಿರುವುದು ಪುಸ್ತಕದ ಮದುಮಗ ಬಾತು. ಏರಿಯ ಕಡೆ ಕಾಲೇ ಇಟ್ಟಿಲ್ಲ, ಮನೆಯಲ್ಲಿ ಕಾಲು ಚಾಚಿ ಕೂತು ಚಿತ್ರ ನೋಡಿ ಬರೆಸಿದ್ದೀಯ. ಅಕ್ಕನ ಕಿವಿಗೆ ಹೂ ಇಡುವ ಕೆಲಸ ಬೇಡ ಕಣೋ. ವರದಿಗೆ ಇದನ್ನು ಕಳಿಸಿದ್ದರೆ ಸಂಪಾದಕರು ನಮ್ಮ ಮಾನ ಹರಾಜು ಹಾಕುತ್ತಿದ್ದರು.

ಇನ್ನೊಂದು ಮಾತು. ಒಂದ್ಸಲ ನೋಡಬೇಕು ಅನ್ನಿಸುತ್ತೆ ಎಂದು ಬರೆಸಿದ್ದೀಯ. ಅದನ್ನು ಓದಿ ನಾನು ಹೊರಗೆ ಹೋಗಿ ಬಹಳ ಹೊತ್ತು ನಿಂತೆ. ದೀಪಸ್ತಂಭದ ಕೆಲಸದವರು, "ಏನ್ರೀ, ಕಣ್ಣು ಒರೆಸ್ಕೊಳ್ತಿದೀರಾ?" ಎಂದರು. ಗಾಳಿ ಎಂದೆ.

ಆರು ವರ್ಷದ ಹಿಂದೆ ನಿನ್ನ ಮನೆಯಲ್ಲಿ, ನೆರೆಯವರೆಲ್ಲ ಊಟಕ್ಕೆ ಕೂತಿದ್ದಾಗ, ಕಾಗೆಗೂ ಕೋಗಿಲೆಗೂ ವ್ಯತ್ಯಾಸ ಗೊತ್ತಿಲ್ಲದವಳ ಜೊತೆ ಹೇಗೋ ಬಾಳುತ್ತೀಯ ಎಂದು ನಾನು ಅಂದುಬಿಟ್ಟೆ. ತಮಾಷೆಗೆ ಎಂದದ್ದು, ಆದರೆ ಪೂರ್ತಿ ತಮಾಷೆಯೂ ಅಲ್ಲ. ನೀನು ತಟ್ಟೆಯ ಮುಂದಿನಿಂದ ಎದ್ದು, "ಹಾಗಿದ್ರೆ ಇನ್ಮೇಲೆ ಈ ಮನೆಗೆ ಬರಬೇಡ" ಎಂದೆ. ನಾನು ಬರಲಿಲ್ಲ. ಆಮೇಲೆ ನಾವಿಬ್ಬರೂ ಬರೆದದ್ದೆಲ್ಲ ಹಕ್ಕಿಗಳ ವಿಷಯ. ಬಾ ಎಂದು ನೀನು ಕರೆಯಲಿಲ್ಲ, ಬರಲೇ ಎಂದು ನಾನು ಕೇಳಲಿಲ್ಲ. ಈಗ ನಿನ್ನ ಮನಸ್ಸು ಕರಗಿದೆಯೆಂದರೆ ಋತು ಮುಗಿದ ಕೂಡಲೇ ಬರುತ್ತೇನೆ. ಕೋಪ ಹೋಗಿದೆಯೇ, ಅಷ್ಟು ತಿಳಿಸು.

ಉಣ್ಣೆ ಅಂಗಿ ಹಾಕಿಕೊಂಡಿದ್ದೇನೆ.

ಅಕ್ಕ


ಅಕ್ಟೋಬರ್ ೧೨

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಬೈಗುಳ ಓದಿ ಅವರು ನಕ್ಕರು. ಬಾತಿನ ವಿಷಯದಲ್ಲಿ ತಪ್ಪು ನನ್ನದೇ, ಹೇಳಿದ್ದೊಂದು ಬರೆದದ್ದೊಂದು. ಕೈ ನೋವಿಗೆ ಅವರು ಏರಿಯವರೆಗೆ ನಡೆಯುವುದಿಲ್ಲ. ಆದ್ದರಿಂದ ಈ ಸಲ ಅಂಗಡಿ ಮುಚ್ಚಿ ಅವರ ದುರ್ಬೀನು ತೆಗೆದುಕೊಂಡು ನಾನೇ ಹೋದೆ.

ಹೆಸರು ಕೇಳಬೇಡಿ, ಕಂಡದ್ದು ಹೇಳುತ್ತೇನೆ. ನೀರು ಹೊರಬೀಳುವ ತೂಬಿನ ಹತ್ತಿರ ಕಲ್ಲಿನ ಮೇಲೆ ಒಂದು ಸಣ್ಣ ಹಕ್ಕಿ ಇತ್ತು. ಬೆನ್ನು ಬೂದು, ಕಣ್ಣಿನ ಮೇಲೆ ತೆಳ್ಳನೆಯ ಬಿಳಿ ಗೆರೆ, ಗಂಟಲು ಬಿಳಿ. ಹೊಟ್ಟೆ ಹಳದಿ, ಬಾಲದ ಬುಡದಲ್ಲಿ ಗಾಢವಾಗಿ, ಎದೆಯ ಕಡೆ ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ. ಉದ್ದ ಬಾಲವನ್ನು ಹೊಲಿಗೆ ಯಂತ್ರದ ಸೂಜಿಯಂತೆ ಮೇಲೆ ಕೆಳಗೆ ಆಡಿಸುತ್ತಲೇ ಇತ್ತು. ನನ್ನನ್ನು ಕಂಡು ಹಾರಿತು, ನಾನು ಅಲ್ಲೇ ಕೂತೆ, ಮತ್ತೆ ಅದೇ ಕಲ್ಲಿಗೆ ಬಂತು. ಕತ್ತಲಾಗುವವರೆಗೂ ನೋಡಿದೆ. ಎಷ್ಟೋ ದಿನದಿಂದ ಹಾಗೆ ಸುಮ್ಮನೆ ಕೂತಿರಲಿಲ್ಲ.

ನೀವು ಕೇಳಿದ್ದಕ್ಕೆ ಅವರು ಹೇಳಿದ್ದು: "ಆವತ್ತಿನ ಮಾತು ಯಾವತ್ತೋ ಮರೆತಾಯ್ತು. ಒಂದು ಮಾತಿಗೆ ಯಾರಾದ್ರೂ ಇಷ್ಟು ವರ್ಷ ಬರದೇ ಇರ್ತಾರಾ?"

ಋತು ಮುಗಿಸಿಕೊಂಡೇ ಬನ್ನಿ. ಅವಸರವೇನಿಲ್ಲ.

ನಿಮ್ಮ ತಮ್ಮನ ಹೆಂಡತಿ


ಅಕ್ಟೋಬರ್ ೨೩

ಈ ಕಾಗದ ನಿನಗೆ, ಗುಬ್ಬಿಗಲ್ಲ.

ನಿನಗೆ ನಾನು ಬರೆಯುತ್ತಿರುವುದು ಇದೇ ಮೊದಲು. ಹೀಗೆ ಬರೆಯಬೇಕಾಗಿ ಬಂದದ್ದು ನನಗೂ ಇಷ್ಟವಿಲ್ಲ.

ನಿನ್ನ ಕಾಗದ ಬಂದ ದೋಣಿಯಲ್ಲೇ ವರದಿಯ ಸಂಪಾದಕರ ಕಾಗದವೂ ಬಂತು. ನಿಮ್ಮ ತಮ್ಮನ ವಿವರ ಇನ್ನೂ ಬಂದಿಲ್ಲ, ಪಂಪ್‌ಹೌಸಿಗೆ ಫೋನು ಮಾಡಿದರೆ ಅವರು ಆಗಸ್ಟಿನಿಂದಲೇ ಕೆಲಸಕ್ಕೆ ಬರುತ್ತಿಲ್ಲ ಎಂದರು, ಏನು ಸಮಾಚಾರ ಎಂದು ಕೇಳಿದ್ದಾರೆ. ಕೈಗೆ ಪೆಟ್ಟಾದವನು ಎರಡು ತಿಂಗಳು ಮನೆಯಲ್ಲಿ ಕೂರುತ್ತಾನೆಯೇ? ಕೂತರೂ ಎಡಗೈಯಲ್ಲಿ ಅಡ್ಡಾದಿಡ್ಡಿಯಾಗಿ ಒಂದು ಸಾಲು ಗೀಚದೆ ಇರುತ್ತಾನೆಯೇ?

ನೀನು ನೋಡಿದ ಹಕ್ಕಿ ಬೂದು ಸಿಪಿಲೆ. ಪುಸ್ತಕದ ಚಿತ್ರದಲ್ಲಿ ಅದರ ಗಂಟಲು ಕಪ್ಪಗಿದೆ, ನೀನು ಬಿಳಿ ಎಂದು ಬರೆದೆ. ಈ ತಿಂಗಳಲ್ಲಿ ಬಿಳಿಯೇ ಸರಿ. ಅದನ್ನು ನಿಜವಾಗಿ ಕಂಡವಳು ಬರೆದದ್ದು, ಸಂತೋಷ. ಆದರೆ ನನ್ನ ತಮ್ಮ ಪಕ್ಕದಲ್ಲಿ ಕೂತು ಬರೆಸಿದ್ದರೆ ನೀನು ಬಾಯಿ ತೆರೆಯುವ ಮೊದಲೇ ಹೆಸರು ಹೇಳುತ್ತಿದ್ದ. ಇಡೀ ಕಾಗದದಲ್ಲಿ ಆ ಹೆಸರಿಲ್ಲ.

ಏನು ಮುಚ್ಚಿಡುತ್ತಿದ್ದೀಯ? ನನ್ನ ಕಾಗದಗಳನ್ನು ಅವನಿಗೆ ಕೊಡುತ್ತೀಯೋ, ಇಲ್ಲ ಒಲೆಗೆ ಹಾಕುತ್ತೀಯೋ? ನಾನು ಅಂದ ಮಾತಿಗೆ ಹೀಗೆ ಸೇಡು ತೀರಿಸಿಕೊಳ್ಳುತ್ತಿದ್ದರೆ ನೇರವಾಗಿ ಹೇಳು, ಬೈಸಿಕೊಳ್ಳುತ್ತೇನೆ. ಆದರೆ ಅವನ ಬಾಯಿಯ ಮಾತನ್ನು ನೀನು ಆಡಬೇಡ.

ಒಂದು ಪ್ರಶ್ನೆ ಕೇಳು ಅವನಿಗೆ. ನಾಲಿಗೆ ತಿರುಗದ ವಯಸ್ಸಿನಲ್ಲಿ ಅವನು ನನ್ನನ್ನು ಒಂದು ಹೆಸರಿನಿಂದ ಕರೆಯುತ್ತಿದ್ದ. ಅದು ನಮ್ಮಿಬ್ಬರಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಅದೇನೆಂದು ಕೇಳಿ ಬರೆ. ಸರಿಯಾಗಿದ್ದರೆ ನಿನ್ನ ಕ್ಷಮೆ ಕೇಳುತ್ತೇನೆ.

ಅವನ ಅಕ್ಕ


ಅಕ್ಟೋಬರ್ ೩೧

ಅತ್ತಿಗೆ,

ನಿಮ್ಮ ತಮ್ಮನಿಗೆ ಆಗಸ್ಟಿನಲ್ಲಿ ಲಕ್ವ ಹೊಡೆಯಿತು. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಬಿದ್ದದ್ದು ನಿಜ, ಆದರೆ ಜಾರಿ ಬಿದ್ದದ್ದಲ್ಲ. ಬಲಗೈ ಬಲಗಾಲು ಎರಡೂ ಹೋಗಿವೆ. ಮಾತು ಪೂರ್ತಿ ನಿಂತಿದೆ. ಎಡಗೈಗೆ ಪೆನ್ನು ಕೊಟ್ಟು ನೋಡಿದೆ, ಗೀಚಿದ್ದು ಅಕ್ಷರವಾಗಲಿಲ್ಲ. ಅವರೇ ಅದನ್ನು ನೋಡಿ ಕಾಗದ ತಳ್ಳಿಬಿಟ್ಟರು.

ಆಸ್ಪತ್ರೆಯಿಂದ ಬಂದ ದಿನವೇ, "ಅಕ್ಕಂಗೆ ಬರೀಲಾ?" ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡರು. ಬೇಡ ಎಂದು ನಾನು ತಿಳಿದೆ. ಬರೆದರೆ ನೀವು ಎಲ್ಲ ಬಿಟ್ಟು ಓಡಿಬರುತ್ತೀರಿ, ಈ ಸ್ಥಿತಿಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಅವರಿಗೆ ಬೇಡವಾಗಿದೆ ಎಂದುಕೊಂಡೆ. ಸುಸ್ತಾಗಿ ಕಣ್ಣು ಮುಚ್ಚಿದ್ದರೋ ಏನೋ, ಈಗ ಯೋಚಿಸಿದರೆ ಹಾಗೂ ಇರಬಹುದು. ಇನ್ನೂ ಒಂದಿದೆ. ನೀವು ಬಂದು, ನಿನ್ನ ಕೈಯಲ್ಲಿ ಇವನ ಗತಿ ಹೀಗಾಯಿತೇ ಎಂದು ಕೇಳುತ್ತೀರೆಂಬ ಹೆದರಿಕೆ ನನಗಿತ್ತು. ಹಾಗೆ ನೀವು ಕೇಳುವವರೇ.

ನಿಮ್ಮ ಒಂದೊಂದು ಕಾಗದವನ್ನೂ ಅವರಿಗೆ ಓದಿದ್ದೇನೆ. ಒಲೆಗೆ ಹಾಕುವವಳು ನಾನಲ್ಲ. ಓದುವಾಗ ಕಣ್ಣು ನನ್ನ ಮುಖದ ಮೇಲಿರುತ್ತದೆ, ಮುಗಿದ ಮೇಲೆ ಕಿಟಕಿಯ ಕಡೆ ತಿರುಗುತ್ತದೆ. ಉತ್ತರ ಹೋಗದಿದ್ದರೆ ನಿಮಗೆ ಅನುಮಾನ ಬರುತ್ತದೆಂದು ಪುಸ್ತಕ ತೆರೆದು ಆ ಬಾತನ್ನು ಬರೆದೆ. ಚಿತ್ರದಲ್ಲಿ ಅಷ್ಟು ಚೆಂದ ಕಂಡಿತು. ಹಕ್ಕಿಗಳೂ ಬಟ್ಟೆ ಬದಲಾಯಿಸುತ್ತವೆ ಎಂದು ನನಗೆ ಯಾರು ಹೇಳಿದ್ದರು?

ನಿಮ್ಮ ಪ್ರಶ್ನೆಯನ್ನು ಕೇಳಿದೆ. ಕೇಳಬಾರದಿತ್ತು. ಹೆಸರು ಅವರಿಗೆ ನೆನಪಿತ್ತು, ಅದು ಮುಖ ನೋಡಿದರೇ ಗೊತ್ತಾಯಿತು. ಬಾಯಿ ತೆರೆದರು. ಮಧ್ಯಾಹ್ನದವರೆಗೂ ಪ್ರಯತ್ನ ಪಟ್ಟರು. ಏನೋ ಒಂದು ಸದ್ದು ಬಂತು, ನನಗೆ ಅರ್ಥವಾಗಲಿಲ್ಲ. ಹಾಗೋ, ಹೀಗೋ ಎಂದು ಒಂದೊಂದೇ ಅಂದು ನೋಡಿದೆ, ಅಲ್ಲವೆಂದು ತಲೆ ಆಡಿಸಿದರು, ಮತ್ತೆ ಸದ್ದು ಮಾಡಿದರು. ಕೊನೆಗೆ ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಸಾಕು ಅತ್ತಿಗೆ, ಇನ್ನು ಅವರಿಗೆ ಪರೀಕ್ಷೆ ಕೊಡಬೇಡಿ. ನನಗೆ ಬೇಕಾದರೆ ಕೊಡಿ.

ಆ ಸಂಜೆಯಿಂದ ಊಟ ಸೇರುತ್ತಿಲ್ಲ. ಡಾಕ್ಟರು ಬಂದು ನೋಡಿ, "ಬರೋರು ಯಾರಾದ್ರೂ ಇದ್ರೆ ಕರೆಸಿಬಿಡಿ" ಎಂದರು. ಅವಸರವೇನಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಬನ್ನಿ. ಹಕ್ಕಿಗಳು ನೀವು ಎಣಿಸದಿದ್ದರೂ ಹೋಗುತ್ತವೆ.


ನವೆಂಬರ್ ೮

ಕಾಗದ ನಿನ್ನೆ ಕೈಸೇರಿತು. ತಂದುಕೊಟ್ಟವರು ಮೀನು ಹಿಡಿಯುವವರು. ಗಾಳಿ ಜೋರಾಗಿ ಟಪಾಲಿನ ದೋಣಿ ಈ ವಾರ ಬರಲೇ ಇಲ್ಲ. ನನ್ನನ್ನೂ ಕರೆದುಕೊಂಡು ಹೋಗಿ ಎಂದು ಕೈ ಮುಗಿದೆ. "ನಿಮ್ಮ ಕಾಗದ ಒಯ್ತೀವಿ ತಾಯಿ, ಈ ಅಲೇಲಿ ನಿಮ್ಮನ್ನ ಒಯ್ಯಲ್ಲ" ಎಂದರು. ಚೀಲ ಕಟ್ಟಿ ದೋಣಿಕಟ್ಟೆಯ ಮೇಲೆ ಕೂತಿದ್ದೇನೆ. ಹೆಬ್ಬಾತುಗಳ ದೊಡ್ಡ ಗುಂಪು ತಲೆಯ ಮೇಲೆ ಹೋಯಿತು. ಎಣಿಸಲಿಲ್ಲ. ಈ ಗಾಳಿ ಅವಕ್ಕೆ ಲೆಕ್ಕಕ್ಕೇ ಇಲ್ಲ, ನನ್ನನ್ನು ಮಾತ್ರ ಹಿಡಿದು ಕೂರಿಸಿದೆ.

ಇದು ನನಗಿಂತ ಮೊದಲು ತಲುಪಿದರೆ ಅವನ ಕಿವಿಯಲ್ಲಿ ಹೇಳು, ಅಕ್ಕ ಹೊರಟಿದ್ದಾಳೆ ಎಂದು. ಆ ಹೆಸರಿನ ವಿಷಯ ಕೇಳಿದ್ದು ನನ್ನ ತಪ್ಪು. ಅವನಿಗೆ ಅದನ್ನೂ ಹೇಳು.


ಡಿಸೆಂಬರ್ ೧

ತಂಗೀ,

ಸುಖವಾಗಿ ತಲುಪಿದೆ ಎಂದು ಬರೆಯಬೇಕು. ತಲುಪಿದೆ.

ನಿನ್ನ ಮನೆಯಲ್ಲಿದ್ದಾಗ ಹೇಳದೆ ಉಳಿದದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಬಂದಾಗ ಅವನಿಗೆ ಪ್ರಜ್ಞೆ ಇರಲಿಲ್ಲ. ನೀನು ಕಿವಿಯ ಹತ್ತಿರ ಬಾಗಿ, "ನೋಡಿ, ಯಾರು ಬಂದಿದಾರೆ" ಎಂದೆ. ನಾನು ಅವನ ಕೈ ಹಿಡಿದೆ, ಬೆಚ್ಚಗಿತ್ತು, ಅಷ್ಟೇ. ಅವನು ಹೋಗುವವರೆಗೂ ಪಕ್ಕದಲ್ಲಿ ಕೂತು ಯಾವ ಹಕ್ಕಿ ಯಾವತ್ತು ಹೊರಟಿತು ಎಂದು ಹೇಳುತ್ತಲೇ ಇದ್ದೆ. ಆರು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಹೇಳಲು ಬಾಯಿ ಬರಲಿಲ್ಲ.

ನೀನು ಅವನ ಮೈ ಒರೆಸುವುದನ್ನು, ಮಗ್ಗುಲು ತಿರುಗಿಸುವುದನ್ನು, ಬೆನ್ನಿಗೆ ಒತ್ತದ ಹಾಗೆ ಹೊಲಿಗೆಯ ಗೆರೆ ಕಾಣದಂತೆ ಹೊಲಿದ ಅಂಗಿಗಳನ್ನು ನೋಡಿದೆ. ನನ್ನ ಕೈಯಲ್ಲಿ ಅದು ಆಗುತ್ತಿರಲಿಲ್ಲ. ಇದನ್ನು ಅಲ್ಲೇ ಹೇಳಬೇಕಿತ್ತು.

ಸಂಪಾದಕರಿಗೆ ನಮ್ಮ ಪುಟ ಕಳಿಸಿದೆ. ನಿನ್ನ ಬಾತುಗಳನ್ನು ಹೊಡೆದು ಹಾಕಿದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ತೂಬಿನ ಹತ್ತಿರದ ಬೂದು ಸಿಪಿಲೆಯನ್ನು ಉಳಿಸಿದೆ.

ಇನ್ನು ನನಗೆ ಬೇಕಾದದ್ದು. ನಿನ್ನ ಕಾಗದಗಳಲ್ಲಿ ಅವನು ಹೇಳಿದ ಎಂದು ಮೂರು ಮಾತುಗಳಿವೆ. ಉಣ್ಣೆ ಅಂಗಿ ಹಾಕಿಕೋ ಎಂದದ್ದು, ಒಂದ್ಸಲ ನೋಡಬೇಕು ಎಂದದ್ದು, ಆವತ್ತಿನ ಮಾತು ಮರೆತಾಯಿತು ಎಂದದ್ದು. ಮಾತೇ ನಿಂತವನು ಹೇಳಲಾರ, ಅಷ್ಟು ನನಗೂ ತಿಳಿಯುತ್ತದೆ. ಆದರೆ ಸನ್ನೆಯಲ್ಲಾದರೂ, ಕಣ್ಣಿನಲ್ಲಾದರೂ ಏನೋ ತೋರಿಸಿರಬೇಕು, ಅದನ್ನು ನೀನು ಮಾತು ಮಾಡಿ ಬರೆದಿರಬೇಕು ಎಂದು ಮನಸ್ಸು ಹೇಳುತ್ತಲೇ ಇದೆ. ಯಾವುದು ಅವನದು? ಒಂದಾದರೂ ಇದೆಯೇ? ಬರಬೇಡ ಎಂದವನ ಕೋಪ ಹೋಗಿತ್ತೋ ಇಲ್ಲವೋ ಎಂದು ತಿಳಿಯದೆ ನನಗೆ ನಿದ್ದೆ ಹತ್ತುತ್ತಿಲ್ಲ.

ನಿಜ ಬರೆ. ನನ್ನ ಮನಸ್ಸು ನೋಯುತ್ತದೆ ಎಂದು ಬದಲಾಯಿಸಬೇಡ.

ಅತ್ತಿಗೆ


ಡಿಸೆಂಬರ್ ೧೪

ಅತ್ತಿಗೆ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಎರಡು ಸಲ ಬರೆದು ಹರಿದೆ. ಎರಡರಲ್ಲೂ, ಹೌದು, ನಿಮ್ಮ ಹೆಸರು ಹೇಳಿದಾಗ ಅವರ ಕಣ್ಣಿನಲ್ಲಿ ನೀರು ಬಂತು, ಅದನ್ನೇ ನಾನು ಮಾತಾಗಿ ಬರೆದೆ ಎಂದು ಬರೆದಿದ್ದೆ. ನೀವು ನಂಬುತ್ತಿದ್ದಿರಿ. ಸುಲಭವಾಗಿ ಮುಗಿದುಹೋಗುತ್ತಿತ್ತು. ಆದರೆ ಅವರಿದ್ದಾಗ ಅವರ ಹೆಸರಿನಲ್ಲಿ ಮಾತಾಡಿದ್ದೇ ಸಾಕು, ಹೋದ ಮೇಲೂ ಅದನ್ನೇ ಮಾಡಲು ನನಗೆ ಕೈ ಬರಲಿಲ್ಲ.

ಒಂದೂ ಅವರದಲ್ಲ.

ನಿಮ್ಮ ಕಾಗದ ಓದಿದಾಗ ಅವರು ಕೇಳುತ್ತಿದ್ದರು, ಅದು ಖಂಡಿತ. ಏನು ಅನ್ನಿಸಿತು ಎಂದು ನನಗೆ ತಿಳಿಯಲಿಲ್ಲ. ಕೋಪ ಇತ್ತೋ ಹೋಗಿತ್ತೋ, ಅದೂ ಗೊತ್ತಿಲ್ಲ. ಮಾತಾಡುತ್ತಿದ್ದ ಕಾಲದಲ್ಲೂ ನಿಮ್ಮ ವಿಷಯ ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನಾನೂ ಯಾವತ್ತೂ ಕೆದಕಲಿಲ್ಲ. ಕೆದಕಿದ್ದರೆ ಇವತ್ತು ನಿಮಗೆ ಹೇಳಲು ಏನಾದರೂ ಇರುತ್ತಿತ್ತು.

ಉಣ್ಣೆ ಅಂಗಿಯ ಮಾತು ನನ್ನದು. ಸಮುದ್ರದ ಗಾಳಿಯ ವಿಷಯ ನೀವು ಬರೆದಿದ್ದನ್ನು ಓದುತ್ತಿದ್ದರೆ ನನಗೇ ಚಳಿಯಾಗುತ್ತಿತ್ತು.

ಮರೆತಾಯಿತು ಎಂದದ್ದೂ ನಾನೇ. ಆ ಊಟದ ದಿನ ಬೈಸಿಕೊಂಡವಳು ನಾನು, ಅವರಲ್ಲ. ಆರು ವರ್ಷವೂ ಮರೆತಿರಲಿಲ್ಲ. ಬಟ್ಟೆ ಕತ್ತರಿಸುವಾಗ, ಪಾತ್ರೆ ತೊಳೆಯುವಾಗ ನೆನಪಾಗಿ ನಿಮಗೆ ತಿರುಗಿ ಹೇಳಬೇಕಿದ್ದ ಮಾತುಗಳನ್ನೆಲ್ಲ ಒಬ್ಬಳೇ ಹೇಳಿಕೊಳ್ಳುತ್ತಿದ್ದೆ. ಅಕ್ಟೋಬರಿನಲ್ಲಿ ಅದನ್ನು ಬರೆದಾಗ, ನಿಮ್ಮನ್ನು ಸಮಾಧಾನ ಮಾಡಲು ಒಂದು ಸುಳ್ಳು ಎಂದೇ ಬರೆದೆ. ಆಮೇಲೆ ಹುಡುಕಿದರೆ ಸಿಟ್ಟು ಸಿಗಲಿಲ್ಲ.

ಇನ್ನು ಮೂರನೆಯದು. ಆ ಸೆಪ್ಟೆಂಬರಿನಲ್ಲಿ ಅಂಗಡಿಗೆ ಬರುವವರು ಬಾಗಿಲಲ್ಲೇ ಬಟ್ಟೆ ಕೊಟ್ಟು ಹೋಗುತ್ತಿದ್ದರು, ಒಳಗೆ ಕಾಯಿಲೆಯವರಿದ್ದಾರೆ ಎಂದು. ಮನೆಯಲ್ಲಿ ನನ್ನ ದನಿಯೊಂದೇ. "ಊಟ ಬಿಸಿ ಇದೆಯಾ? ಕಿಟಕಿ ಮುಚ್ಚಲಾ?" ಕೇಳುವವಳೂ ನಾನೇ, ಉತ್ತರ ಕೊಡುವವಳೂ ನಾನೇ. ಒಂದು ಸಂಜೆ ನಿಮಗೆ ಕಾಗದ ಬರೆಯುತ್ತಾ, ಈಗ ಬಾಗಿಲು ತಟ್ಟಿ ಯಾರಾದರೂ ಬಂದರೆ ಯಾರು ಬರಲಿ ಎಂದು ಯೋಚಿಸಿದೆ. ತವರಿನಲ್ಲಿ ಯಾರೂ ಉಳಿದಿಲ್ಲ. ಬೈದರೂ ಚಿಂತೆಯಿಲ್ಲ, ಒಳಗೆ ಬಂದು ಕೂರುವವರು ಬೇಕು ಎಂದುಕೊಂಡರೆ ನಿಮ್ಮ ಮುಖವೇ ಕಣ್ಣಮುಂದೆ ಬಂತು. ಅದಕ್ಕೇ ಒಂದ್ಸಲ ನೋಡಬೇಕು ಎಂದು ಬರೆದೆ. ನನ್ನ ಹೆಸರಿನಲ್ಲಿ ಬರೆದರೆ ನೀವು ಬರುವುದಿಲ್ಲ ಎಂದು ಅವರ ಹೆಸರಿನಲ್ಲಿ ಬರೆದೆ.

ನೀವು ಕೇಳಿದ ಉತ್ತರ ಇದಲ್ಲ. ನಿಮ್ಮ ತಮ್ಮನ ಮನಸ್ಸಿನಲ್ಲಿ ಏನಿತ್ತು ಎಂದು ನನ್ನಿಂದ ಹೇಳಲು ಆಗುವುದಿಲ್ಲ, ಅತ್ತಿಗೆ. ನನ್ನದು ಮಾತ್ರ ಹೇಳಬಲ್ಲೆ. ಆ ಮಾತು ಬರೆದಾಗ ನಿಜವಾಗಿತ್ತು, ಈಗಲೂ ನಿಜ. ನಿಮ್ಮನ್ನು ನೋಡಬೇಕು ಅನ್ನಿಸುತ್ತೆ.